ಹೊಳನಗದ್ದೆಗೆ ಹೋದ ಮೀನೆಲ್ಲ

ಭಟ್ಕಳದ ಬಸ್ಸು

ನನ್ನ ಕೈಗಡಿಯಾರದ ಗಾಜಿನ ಮೇಲೆ, ಮೂರು ಮತ್ತು ನಾಲ್ಕರ ನಡುವೆ, ಮೀನಿನ ಒಂದು ಹುರುಪೆ ಅಂಟಿಕೊಂಡಿತ್ತು. ಕಿರುಬೆರಳಿನ ಉಗುರಿನಷ್ಟು ಅಗಲ, ಈರುಳ್ಳಿ ಸಿಪ್ಪೆಗಿಂತ ತೆಳುವು. ಬೆಳಕಿಗೆ ಹಿಡಿದರೆ ಒಳಗೆ ಸಣ್ಣ ಸಣ್ಣ ಗೆರೆಗಳು. ಅದು ಮೀನಿನದೆಂದು ನನಗೆ ತಿಳಿಯಲಿಲ್ಲ. ನಾನು ಗದಗದ ಕಡೆಯವಳು. ಅಲ್ಲಿಯವರೆಗೆ ಮೀನನ್ನು ಪುಸ್ತಕದಲ್ಲಿ ಮಾತ್ರ ನೋಡಿದ್ದೆ.

"ಉಜ್ಜಬೇಡಿ. ಒಣಗಿದ್ಮೇಲೆ ಅದೇ ಬೀಳ್ತದೆ," ಎಂದಳು ಪಕ್ಕದಲ್ಲಿ ಕೂತಿದ್ದ ಹೆಂಗಸು. ಅವಳ ಮಡಿಲಲ್ಲಿ ಖಾಲಿ ಬುಟ್ಟಿ, ಬುಟ್ಟಿಯೊಳಗೆ ಬಟ್ಟೆಯ ಸಿಂಬೆ. ಕುಮಟೆಯವಳಂತೆ. ಊರಿನ ದೋಣಿಗಳಿಗೆ ಮೀನು ಸಿಗದ ದಿನ ಭಟ್ಕಳ ಬಂದರಕ್ಕೆ ಹೋಗಿ ಕೊಂಡು ತರುತ್ತಾಳಂತೆ. ಇಷ್ಟನ್ನು ನಾನು ಕೇಳದೆಯೇ ಹೇಳಿ, ತನ್ನ ಸರದಿ ಮುಗಿಯಿತೆಂಬಂತೆ ನನ್ನ ಕಡೆ ತಿರುಗಿದಳು.

"ಯಾವ ಊರಾತು ನಿಮ್ದು?"

"ಮೇಲಿನ ಕಡೆ."

"ಶಿರ್ಸಿನಾ?"

ಹುಬ್ಬಳ್ಳಿಯಿಂದಾಚೆಯದನ್ನೆಲ್ಲ ವಿವರಿಸುವ ಚೈತನ್ಯ ನನಗಿರಲಿಲ್ಲ. ಹ್ಞಾಂ ಎಂದೆ.

"ಮದ್ವೆ ಆತಾ?"

ಈ ಪ್ರಶ್ನೆಗೆ ಇಲ್ಲ ಎಂದರೆ ಹತ್ತು ಪ್ರಶ್ನೆ ಹುಟ್ಟುತ್ತವೆಂದು ನನಗೆ ಅನುಭವವಿತ್ತು. ಮತ್ತೆ ಹ್ಞಾಂ ಎಂದೆ.

"ಗಂಡಂಗೆ ಬ್ಯಾಂಕಲ್ಲಿ ಕೆಲ್ಸಾ?"

ಅವನನ್ನು ಬ್ಯಾಂಕಿಗೆ ಸೇರಿಸಿದವಳು ಅವಳೇ. ನಾನು ತಲೆಯಾಡಿಸಿದೆ, ಅಷ್ಟೇ. ಅವಳಿಗೆ ಸಮಾಧಾನವಾಯಿತು. ಭಟ್ಕಳ ಬರುವವರೆಗೆ ನನ್ನ ಹೆಗಲಿಗೆ ಒರಗಿ ನಿದ್ದೆ ಮಾಡಿದಳು.

ಇದು ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಧಾರವಾಡದಲ್ಲಿ ಭೂಗೋಳದಲ್ಲಿ ಎಂ.ಎ. ಮುಗಿಸಿ ಶಿಕ್ಷಕರ ತರಬೇತಿಯ ಕೆಲಸಕ್ಕೆ ಸೇರಿದ್ದೆ. ಹೊಸ ಬಗೆಯ ಪಾಠವೊಂದನ್ನು ಕರಾವಳಿಯ ಮೂರು ಊರಿನ ಹೈಸ್ಕೂಲುಗಳಲ್ಲಿ ಮಾಡಿ ನೋಡಲು ನನ್ನನ್ನು ಕಳಿಸಿದ್ದರು. ಈ ಪಾಠ ಪುಸ್ತಕದಿಂದ ಶುರುವಾಗುವುದಿಲ್ಲ, ಮಕ್ಕಳದೇ ಒಂದು ಪ್ರಶ್ನೆಯಿಂದ ಶುರುವಾಗುತ್ತದೆ. ಅವರು ಊರೊಳಗೆ ತಿರುಗಿ, ಕೇಳಿ, ಅಳೆದು, ನಕ್ಷೆ ಬರೆದು, ಕೊನೆಗೆ ತಮಗೆ ತಿಳಿದದ್ದು ಎಷ್ಟು ನಿಜವೆಂದು ತಾವೇ ಅನುಮಾನಿಸಬೇಕು. ಕುಮಟೆಯಲ್ಲಿ ಕೊನೆಗೊಂದು ಪ್ರದರ್ಶನ. ಅದನ್ನು ನೋಡಿದ ಮೇಲೆ ಈ ಪಾಠ ಮುಂದುವರಿಯಬೇಕೋ ಬೇಡವೋ ಎಂದು ಹೆಡ್ ಮಾಸ್ತರುಗಳು ತೀರ್ಮಾನಿಸುವವರಿದ್ದರು.

ಹೊರಡುವಾಗ ನಮ್ಮಜ್ಜಿ ಅತ್ತಿದ್ದಳು. ನಮ್ಮೂರಿನವರಿಗೆ ಘಟ್ಟ ಇಳಿಯುವುದೆಂದರೆ ಪರದೇಶಕ್ಕೆ ಹೋದಂತೆ. "ಅಲ್ಲಿ ನೀರು ಉಪ್ಪು, ಜನ ಅನ್ನ ತಿಂತಾರ, ರೊಟ್ಟಿ ಕೇಳಿದ್ರ ನಗತಾರ," ಎಂದು ಎಚ್ಚರಿಸಿ ಜೋಳದ ರೊಟ್ಟಿಯ ದೊಡ್ಡ ಗಂಟನ್ನೇ ಕಟ್ಟಿ ಕೊಟ್ಟಿದ್ದಳು. ಭಟ್ಕಳದ ಗಾಳಿಗೆ ಆ ಕಟಕ್ ರೊಟ್ಟಿಗಳು ಒಂದೇ ದಿನದಲ್ಲಿ ಒದ್ದೆ ಕರವಸ್ತ್ರದಂತಾದವು.

ಭಟ್ಕಳ

ಭಟ್ಕಳದ ಹುಡುಗಿಯರು ಆರಿಸಿಕೊಂಡ ಪ್ರಶ್ನೆ: ನಮ್ಮ ಮನೆಯೊಳಗಿನ ವಸ್ತುಗಳು ಎಲ್ಲಿಂದ ಬಂದವು? ಒಳ್ಳೆಯ ಪ್ರಶ್ನೆ. ನಮ್ಮೂರಲ್ಲಾದರೆ ಉತ್ತರ ಗದಗದ ಸಂತೆಯಲ್ಲಿ ಮುಗಿಯುತ್ತಿತ್ತು. ಇಲ್ಲಿ ಗೋಡೆಯ ಗಡಿಯಾರ ದುಬೈ, ಕಂಬಳಿ ದುಬೈ, ಟಾರ್ಚು ದುಬೈ, ಅಡುಗೆಮನೆಯ ಒರಳು ಮಾತ್ರ ಪಕ್ಕದ ಊರಿನದು.

ಜುಬೇದಾ ಎಂಬ ಹುಡುಗಿ ಅಪ್ಪ ಕಳಿಸಿದ ಟೇಪ್ ರೆಕಾರ್ಡರ್ ತಂದಿದ್ದಳು. ಅಜ್ಜಿಯನ್ನು ಮಾತಾಡಿಸಿ ಅದರಲ್ಲಿ ತುಂಬಿಕೊಳ್ಳುವುದೆಂದು ನಿಶ್ಚಯವಾಯಿತು. ನಾವು ಹೋದಾಗ ಅಜ್ಜಿ ಮಂಚದ ಮೇಲೆ ಕೂತಿದ್ದರು. ಯಂತ್ರವನ್ನು ಕಂಡದ್ದೇ ತಡ, ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಗಂಟಲು ಸರಿಪಡಿಸಿಕೊಂಡು ತಮ್ಮ ಮನೆಮಾತಾದ ನವಾಯತಿಯಲ್ಲಿ ಶುರುಮಾಡಿದರು. ನಡುವೆ ಒಮ್ಮೆ ಅತ್ತರು, ಎರಡು ಸಲ ಗದರಿದರು. ಕ್ಯಾಸೆಟ್ಟಿನ ಒಂದು ಬದಿ ತುಂಬಿತು. ನಾನು ಬಹಳ ಸಂತೋಷದಿಂದ ಜುಬೇದಾಳ ಮುಖ ನೋಡಿದೆ.

"ಟೀಚರ್," ಎಂದಳು ಅವಳು ಮೆಲ್ಲಗೆ, "ದಾದಿ ಇಷ್ಟು ಹೊತ್ತು ಮಾತಾಡಿದ್ದು ನಮ್ಮ ಅಬ್ಬಾನ ಹತ್ರ. ಉಪ್ಪಿನಕಾಯಿ ಸಿಕ್ತಾ, ಹೊಟ್ಟೆ ನೋವು ಕಮ್ಮಿ ಆಯ್ತಾ, ಚಿಕ್ಕಪ್ಪಂಗೆ ಸಾಲ ಕೊಡ್ಬೇಡ ಅಂತ."

ಗಲ್ಫಿಗೆ ಕಾಗದ ಬರೆಯುವ ಬದಲು ಆ ಮನೆಗಳಲ್ಲಿ ಕ್ಯಾಸೆಟ್ಟು ಕಳಿಸುತ್ತಿದ್ದರು. ಅಜ್ಜಿಯ ಪಾಲಿಗೆ ಆ ಯಂತ್ರಕ್ಕೆ ಬೇರೆ ಉಪಯೋಗವೇ ಇರಲಿಲ್ಲ.

"ಈಗ ಇದನ್ನ ಶಾಲೆಗೆ ತರೋದಾ, ದುಬೈಗೆ ಕಳಿಸೋದಾ?" ಎಂದು ಜುಬೇದಾ ಕೇಳಿದಳು. ದುಬೈಗೆ ಎಂದೆ. ತರಗತಿಯಲ್ಲಿ ಆ ದಿನದ ಫಲಿತಾಂಶದ ಜಾಗದಲ್ಲಿ ಅವಳು, "ಅಜ್ಜಿ ನಮ್ಮ ಪ್ರಶ್ನೆಗೆ ಉತ್ತರ ಹೇಳಲಿಲ್ಲ" ಎಂದು ಬರೆದಳು. ಅದನ್ನು ಹಿಡಿದುಕೊಂಡೇ ನಾನು ಒಂದು ನಿಯಮ ಮಾಡಿದೆ: ಜನ ಹೇಳಿದ್ದನ್ನಷ್ಟೇ ಬರೆಯಬೇಕು, ನಿಮ್ಮದನ್ನು ಸೇರಿಸಬಾರದು. ನನಗೆ ಬಹಳ ಹಿಡಿಸಿದ ನಿಯಮ. ಮುಂದಿನ ಎರಡೂ ಊರುಗಳಿಗೆ ಅದನ್ನು ಹೊತ್ತುಕೊಂಡೇ ಹೋದೆ.

ಹೊನ್ನಾವರ

ಹೊನ್ನಾವರದಲ್ಲಿ ನದಿ ಹಿಂದಕ್ಕೆ ಹರಿಯುವುದನ್ನು ಕಂಡೆ. ಉಬ್ಬರದ ಹೊತ್ತಿಗೆ ಶರಾವತಿಯ ಮೇಲಿನ ಕಸಕಡ್ಡಿಯೆಲ್ಲ ಘಟ್ಟದ ಕಡೆಗೆ ಹೊರಟಿತ್ತು. ಹೀಗಾಗುತ್ತದೆಂದು ನಾನೇ ತರಗತಿಗಳಲ್ಲಿ ಪಾಠ ಹೇಳಿದವಳು. ಆದರೂ ದಂಡೆಯ ಮೇಲೆ ನಿಂತು ಮೂರ್ಖಳಂತೆ ನೋಡಿದೆ. ವರ್ಷದಲ್ಲಿ ಎಂಟು ತಿಂಗಳು ಮರಳೇ ಆಗಿರುವ ಹಳ್ಳದ ಪಕ್ಕ ಬೆಳೆದವಳಿಗೆ, ನೀರು ಇರುವುದೇ ಒಂದು ಸುದ್ದಿ. ಅದು ತಿರುಗಿ ಬರುವುದೆಂದರೆ!

ಇಲ್ಲಿನ ಮಕ್ಕಳು ನೀರಿನ ಏರಿಳಿತ ಅಳೆಯಲು ಒಂದು ಗೂಟಕ್ಕೆ ಬಿಳಿ ಬಣ್ಣದ ಗೆರೆ ಹಾಕಿ ದಂಡೆಯಲ್ಲಿ ನೆಟ್ಟರು. ಮರುದಿನ ಹೋಗಿ ನೋಡಿದರೆ ಅದಕ್ಕೊಂದು ದೋಣಿ ಕಟ್ಟಿತ್ತು, ಗೆರೆಗಳ ಮೇಲೆಲ್ಲ ಹಗ್ಗ. ದೋಣಿಯವನಿಗೆ ಮಕ್ಕಳ ಸಿಟ್ಟು ಅರ್ಥವಾಗಲಿಲ್ಲ.

"ಸರ್ಕಾರದವ್ರು ದೋಣಿ ಕಟ್ಟೂಕೆ ಹೊಡ್ದದ್ದು ಅಂದ್ಕಂಡಿದ್ನಪ್ಪ ನಾನು. ಬಣ್ಣ ಎಲ್ಲ ಹಚ್ಚಿದ್ರಲ! ಇಷ್ಟು ವರ್ಷಕ್ಕೆ ಒಂದು ಗೂಟ ಆದ್ರೂ ಹೊಡೆದ್ರು ಅಂದೇಳಿ ಖುಷಿಯಾಗಿತ್ತು ಮಾರಾಯ್ರೆ."

ಅವನು ಹಗ್ಗ ಬಿಚ್ಚಲು ಹೋದಾಗ ಮಕ್ಕಳಿಗೇ ಪಾಪ ಎನ್ನಿಸಿತು. ಬೇರೆ ಗೂಟ ನೆಟ್ಟುಕೊಂಡರು. ಮೊದಲ ದಿನದ ಅಳತೆಯ ಜಾಗದಲ್ಲಿ "ದೋಣಿ ಇತ್ತು" ಎಂದು ಬರೆದರು. ಜುಬೇದಾಳ ಪಾಠ ಇವರಿಗೂ ಬಂದಿದೆಯೆಂದು ನಾನು ಹಿಗ್ಗಿದೆ.

ಕುಮಟೆ

ಕುಮಟೆಯಲ್ಲಿ ನಾನು ಉಳಿದದ್ದು ಅಲ್ಲಿನ ಭೂಗೋಳದ ಮಾಸ್ತರು ನಾಯ್ಕರ ಮನೆಯಲ್ಲಿ. ಅವರ ತಾಯಿ ನನ್ನ ಸಲುವಾಗಿ ಪ್ರತ್ಯೇಕ ಪಾತ್ರೆ ತೊಳೆದಿಟ್ಟು, ಮೀನು ಬೇಯಿಸುವ ಒಲೆಯಿಂದ ಮಾರು ದೂರದಲ್ಲಿ ನನಗೆ ಕುಚ್ಚಲಕ್ಕಿ ಗಂಜಿ ಮಾಡಿ ಕೊಟ್ಟರು. "ಎಂತ ತಿಂದು ಬದ್ಕ್ತೀರಿ ಅಕ್ಕೋರೆ ನೀವು?" ಎಂದು ದಿನವೂ ನಿಜವಾದ ಕಾಳಜಿಯಿಂದ ಕೇಳುತ್ತಿದ್ದರು. ಇಲ್ಲಿ ಶಿಕ್ಷಕಿಯನ್ನು ಅಕ್ಕೋರು ಎನ್ನುತ್ತಾರೆ. ಆ ಮಾತಿಗೆ ನಾನು ಬೇಗ ಒಲಿದುಬಿಟ್ಟೆ.

ತರಗತಿಯಲ್ಲಿ ಪ್ರಶ್ನೆ ಕೊಟ್ಟವಳು ಜಯಂತಿ. ಬೆರಳಿಗೆ ಶಾಯಿ, ಎರಡು ಬಿಗಿ ಜಡೆ, ಉತ್ತರ ಗೊತ್ತಿದ್ದರೂ ಕೈ ಎತ್ತದ ಹುಡುಗಿ. ಅವಳನ್ನು ಕಂಡರೆ ನನ್ನನ್ನೇ ಕಂಡಂತಾಗುತ್ತಿತ್ತು. ಅವಳ ಪ್ರಶ್ನೆ: ಪೇಟೆಯಿಂದ ಹೆಂಗಸರು ತಲೆಯ ಮೇಲೆ ಹೊತ್ತ ಮೀನು ಯಾವ ಯಾವ ಊರಿಗೆ ಹೋಗುತ್ತದೆ? ತರಗತಿಯಲ್ಲಿ ಬಹಳ ಮಕ್ಕಳ ತಾಯಂದಿರು ಮೀನು ಮಾರುವವರೇ. ಎಲ್ಲರಿಗೂ ಒಪ್ಪಿಗೆಯಾಯಿತು. ನಿಯಮ ಹೇಳಿದೆ: ಅವರು ಹೇಳಿದ್ದನ್ನಷ್ಟೇ ಬರೆಯಿರಿ.

ಮಕ್ಕಳು ಮಾರುಕಟ್ಟೆಯಲ್ಲಿ ತಿರುಗಿ ಬಂದರು. ದೊಡ್ಡ ಹಾಳೆಯ ಮೇಲೆ ಕುಮಟೆಯಿಂದ ಹೊರಡುವ ಗೆರೆಗಳನ್ನು ಎಳೆದರು. ಗೆರೆಗಳೆಲ್ಲ ಒಂದೇ ಕಡೆಗೆ ಹೊರಟವು. ಹಿರೇಗುತ್ತಿಯ ಕಡೆಗೆ ಒಂದೂ ಇಲ್ಲ, ಘಟ್ಟದ ಕಡೆಗೆ ಒಂದೂ ಇಲ್ಲ. ಎಲ್ಲ ಹೆಂಗಸರೂ ಹೇಳಿದ್ದು ಒಂದೇ ಊರು: ಹೊಳನಗದ್ದೆ.

ನಾಯ್ಕ ಮಾಸ್ತರು ನಕ್ಷೆ ನೋಡಿ ಕುರ್ಚಿ ಹಿಡಿದು ನಕ್ಕರು. "ಹೊಳನಗದ್ದೆಯವ್ರು ಭತ್ತ ಬಿಟ್ಟು ಬಂಗಡೆ ನಾಟಿ ಮಾಡ್ತಿದ್ರಾ ಎಂತ?"

ನಾನು ನಗಲಿಲ್ಲ. ತರಗತಿಯತ್ತ ತಿರುಗಿ, ಇದು ಹೇಗೆ ಸಾಧ್ಯ ಎಂದು ಕೇಳಿದೆ. ಮಕ್ಕಳು ಬೆಂಚು ನೋಡಿದರು. ಕೊನೆಗೆ ಜಯಂತಿ ಎದ್ದಳು.

"ನೀವೇ ಹೇಳಿದ್ರಲ ಅಕ್ಕೋರೆ, ಅವ್ರು ಹೇಳಿದ್ದೇ ಬರೀಬೇಕು ಅಂತ."

"ಅದು ನಿಜ ಅಲ್ಲ ಅಂತ ನಿಮಗೆ ಗೊತ್ತಿತ್ತೇನು?"

"ಎಲ್ಲರ್ಗೂ ಗೊತ್ತು."

ಕಾರಣವನ್ನು ಮಾಸ್ತರು ವಿವರಿಸಿದರು. ಒಬ್ಬೊಬ್ಬ ಹೆಂಗಸಿಗೂ ತನ್ನವೇ ಆದ ವರ್ತನೆ ಮನೆಗಳು, ಎಂದರೆ ಅವಳ ಕೈಯಿಂದಲೇ ಕೊಳ್ಳುವ ಮನೆಗಳು, ಇರುತ್ತವೆ. ಅತ್ತೆಯಿಂದ ಸೊಸೆಗೆ, ತಾಯಿಯಿಂದ ಮಗಳಿಗೆ ಬರುವಂಥವು. ಯಾವ ಊರಿನಲ್ಲಿ ಯಾವ ವಾರ ಯಾರು ಕೊಳ್ಳುತ್ತಾರೆ ಎಂಬುದು ಬಾಯಿ ಬಿಡುವ ಮಾತಲ್ಲ. ಬಿಟ್ಟರೆ ಮರುದಿನ ಇನ್ನೊಬ್ಬಳು ಬಸ್ಸು ಹತ್ತಿ ಮೊದಲೇ ಅಲ್ಲಿರುತ್ತಾಳೆ. ಯಾರಾದರೂ ಕೇಳಿದರೆ, ಎಲ್ಲರಿಗೂ ಗೊತ್ತಿರುವ ಹತ್ತಿರದ ಹೊಳನಗದ್ದೆಯ ಹೆಸರು ಹೇಳುವುದು ರೂಢಿ.

ಪ್ರದರ್ಶನಕ್ಕೆ ಹೆಚ್ಚು ದಿನ ಉಳಿದಿರಲಿಲ್ಲ. ಈ ನಕ್ಷೆಯನ್ನು ತೂಗುಹಾಕಿದರೆ ಪಾಠವೂ ಮಕ್ಕಳೂ ನಗೆಗೀಡಾಗುತ್ತಾರೆ. ನಕ್ಷೆ ಎಲ್ಲಿ ತಪ್ಪಿದೆಯೆಂದು ಯೋಚಿಸಿ ಬನ್ನಿ ಎಂದು ಹೇಳಿ ಮನೆಗೆ ಹೋದೆ. ಜಯಂತಿ ಅದನ್ನು ತನಗೆ ಕೊಟ್ಟ ಲೆಕ್ಕವೆಂದೇ ತಿಳಿದಳು. ಶಾಲೆ ಬಿಟ್ಟ ಮೇಲೆ ನಿಂತು, ಜಗಲಿಯ ಗೋಡೆಗೆ ಅಂಟಿಸಿದ್ದ ನಕ್ಷೆಯ ಮೇಲೆ ಕೆಂಪು ಪೆನ್ಸಿಲಿನಲ್ಲಿ ಒಂದೇ ಒಂದು ನಿಜವಾದ ಗೆರೆ ಎಳೆದಿದ್ದಳು. ಅವಳ ತಾಯಿಯ ದಾರಿ. ಊರುಗಳ ಹೆಸರು, ತಿರುವುಗಳು, ಎಲ್ಲ ಸರಿಯಾಗಿ. ನಾನು ಕಲಿಸಿದ ಅಳತೆಯ ಪ್ರಕಾರ.

ಸಿಂಬೆ

ಮರುದಿನ ಶಾಲೆಯ ಜಗಲಿಯಲ್ಲಿ ಒಬ್ಬ ಹೆಂಗಸು ಬುಟ್ಟಿ ಇಳಿಸಿ ನಿಂತಿದ್ದಳು. ನನ್ನನ್ನು ಕಂಡೊಡನೆ ಅವಳ ಕೈ ಸೊಂಟಕ್ಕೆ ಹೋಯಿತು.

"ಓ, ಇವ್ರೇನಾ ಅಕ್ಕೋರು! ಶಿರ್ಸಿ ಬ್ಯಾಂಕಿನವ್ನ ಹೆಂಡ್ತಿ!"

ಬಸ್ಸಿನಲ್ಲಿ ನನ್ನ ಹೆಗಲ ಮೇಲೆ ಮಲಗಿದ್ದವಳು. ಮಾದೇವಿ, ಜಯಂತಿಯ ತಾಯಿ. ಜಯಂತಿ ಎಳೆಯುವುದನ್ನು ಕಂಡಿದ್ದ ತರಗತಿಯ ಹುಡುಗನೊಬ್ಬ ಕೆಂಪು ಗೆರೆಯ ಸುದ್ದಿಯನ್ನು ಮನೆಯಲ್ಲಿ ಹೇಳಿದ್ದ. ಬೆಳಿಗ್ಗೆ ಮಾರುಕಟ್ಟೆಯಲ್ಲಿ ಅವನ ತಾಯಿ ಇವಳನ್ನು ಕೆಣಕಿದ್ದಳು.

"ಎಂತ ಹೇಳಿದ್ಲು ಗೊತ್ತಾ? 'ನಾಳೆ ಆ ಬದಿಗೆ ನಾನೂ ಬತ್ತೆ ಮಾದೇವಿ, ದಾರಿ ಕೇಳೂದು ಬ್ಯಾಡ, ಶಾಲೆ ಗೋಡೆ ಮೇಲೇ ಅದ್ಯಲ' ಅಂದ್ಲು. ನಮ್ಮತ್ತೆ ಸಾಯೂ ಹೊತ್ತಿಗೆ ನಂಗೊಬ್ಳಿಗೇ ಹೇಳಿ ಕೊಟ್ಟ ಮನೆ ಅವು. ಆ ಮನೆ ಹೋದ್ರೆ ನಂಗೂ ಈ ಕೂಸಿಗೂ ಎಂತ ಉಂಟು? ನಾಳಿಂದ ಇವ್ಳು ಶಾಲೆಗೂ ಬರೂದು ಬ್ಯಾಡ, ಗೆರೆ ಎಳೆಯೂದೂ ಬ್ಯಾಡ."

ಜಯಂತಿ ಕಂಬದ ಹಿಂದೆ ನಿಂತು ಅಳುತ್ತಿದ್ದಳು. ನಾನು ರಬ್ಬರು ತಂದು ಗೆರೆಯನ್ನು ಉಜ್ಜಿದೆ. ಅದು ಹೋಗಲಿಲ್ಲ, ಇನ್ನಷ್ಟು ಅಗಲವಾಯಿತು.

"ನಾ ಬಸ್ಸಲ್ಲಿ ಕೇಳಿದ್ನಲ," ಎಂದಳು ಮಾದೇವಿ. "ನೀವು ನಿಜ ಹೇಳಿದ್ರಾ?"

"ಇಲ್ಲ. ನನಗೆ ಮದುವೆ ಆಗಿಲ್ಲ. ಶಿರಸಿಯೂ ನನ್ನ ಊರಲ್ಲ."

"ಎಂತಕೆ ಹೇಳಿಲ್ಲ?"

"ಗುರುತಿಲ್ಲದವರಿಗೆ ಯಾಕೆ ಹೇಳಬೇಕು ಅನ್ನಿಸಿತು."

"ಹಾಂ." ಅವಳು ಕೈ ಸೊಂಟದಿಂದ ಇಳಿಸಿದಳು. "ಅದೇ ಮತ್ತೆ."

ನಾನು ನಕ್ಷೆಯ ಹಾಳೆಯನ್ನು ಗೋಡೆಯಿಂದ ಇಳಿಸಿ ಅವಳ ಕೈಗೆ ಕೊಟ್ಟೆ. ಬೇರೆ ಬರೆಯುತ್ತೇವೆ, ಅದರಲ್ಲಿ ನಿಮ್ಮ ಗೆರೆ ಇರುವುದಿಲ್ಲ ಎಂದೆ. ಅವಳು ತೆಗೆದುಕೊಂಡಳು. ಆದರೆ ಮುಖ ಸಡಿಲವಾಗಲಿಲ್ಲ. "ಹಾಳೆ ಹೋತು. ನೋಡಿದ ಮಕ್ಕಳ ಬಾಯಿ?" ಎಂದಳು.

ಅದಕ್ಕೆ ಉತ್ತರ ಕೊಟ್ಟವರು ಮಕ್ಕಳು. ಮಧ್ಯಾಹ್ನದ ಬಿಡುವಿನಲ್ಲಿ, ಸುದ್ದಿ ಹೊರಗೆ ಒಯ್ದ ಹುಡುಗನನ್ನು ಮಿಕ್ಕವರು ದಬ್ಬಿಕೊಂಡು ಬಂದು ಜಯಂತಿಯ ಮುಂದೆ ನಿಲ್ಲಿಸಿದರು. ನನಗೆ "ಅಕ್ಕೋರೆ, ನೀವು ಸ್ವಲ್ಪ ಆ ಬದಿಗೆ ಹೋಗಿ" ಎಂದರು. ನಾನು ಬಾವಿಯ ಹತ್ತಿರ ಹೋಗಿ ನಿಂತೆ. ಹುಡುಗ ಕಿವಿ ಕೆಂಪಗೆ ಮಾಡಿಕೊಂಡು ಜಯಂತಿಯ ಕಿವಿಯಲ್ಲಿ ಏನೋ ಹೇಳಿದ. ಆಮೇಲೆ ಮೀನು ಮಾರುವವರ ಮಕ್ಕಳೆಲ್ಲ ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ತಾಯಿಯ ಒಂದೊಂದು ಊರನ್ನು ಅವಳ ಕಿವಿಯಲ್ಲಿ ಹೇಳಿ ಹೋದರು. ಇಂಥ ನ್ಯಾಯ ನಾನು ಓದಿದ ಯಾವ ಸಂಶೋಧನಾ ವಿಧಾನದಲ್ಲೂ ಇರಲಿಲ್ಲ.

ಮಾದೇವಿ ಇನ್ನೂ ಜಗಲಿಯಲ್ಲೇ ಇದ್ದಳು. ಮಗಳು ಹೋಗಿ, "ಅವ್ವೇ, ಈಗ ಎಲ್ಲರ್ದೂ ನಂಗೆ ಗೊತ್ತು. ನಿನ್ನ ವರ್ತನೆ ಮನೆಗೆ ಯಾರೂ ಬರೂದಿಲ್ಲ," ಎಂದಳು.

ಮಾದೇವಿಯ ಕಣ್ಣು ಹೊಳೆಯಿತು. ಬಗ್ಗಿ, ದನಿ ತಗ್ಗಿಸಿ, "ಹೌದಾ? ಬೆಳಿಗ್ಗೆ ನನ್ನ ಕೆಣಕಿದವ್ಳದ್ದು ಯಾವ ಊರೇ?" ಎಂದಳು.

"ಹೇಳೂದಿಲ್ಲ."

"ನಿನ್ನ ಹೆತ್ತ ಅವ್ವಿಗೂ?"

"ಹೇಳೂದಿಲ್ಲ ಅಂದ್ನಲ."

ಮಾದೇವಿ ಮಗಳನ್ನೂ ನನ್ನನ್ನೂ ಒಮ್ಮೆ ನೋಡಿ ಗಟ್ಟಿಯಾಗಿ ನಕ್ಕಳು. "ಆತು. ಕೂಸು ಕಲೀತು," ಎಂದಳು. ನಕ್ಷೆಯನ್ನು ನಾಲ್ಕಾಗಿ, ಎಂಟಾಗಿ ಮಡಚಿ ಸಿಂಬೆಯ ಅಡಿಗೆ ಇಟ್ಟು, ಅದರ ಮೇಲೆ ಬುಟ್ಟಿ ಹೊತ್ತು ಹೊರಟಳು. ಅವಳ ದಾರಿ ಅವಳ ತಲೆಯ ಮೇಲೆಯೇ ಹೋಯಿತು.

ಪ್ರದರ್ಶನ

ಹೊಸ ಹಾಳೆಯಲ್ಲಿ ಏನು ಬರೆಯಬೇಕೆಂದು ಮಕ್ಕಳು ಬಹಳ ಹೊತ್ತು ಜಗಳವಾಡಿದರು. ನಕ್ಷೆಯೇ ಬೇಡ ಎಂದರು ಕೆಲವರು. ಸುಳ್ಳು ಗೆರೆಗಳನ್ನು ಊರೂರಿಗೆ ಹಂಚಿಬಿಡೋಣ, ಯಾರಿಗೂ ತಿಳಿಯದು ಎಂದ ಒಬ್ಬ. ಜಯಂತಿ ಒಪ್ಪಲಿಲ್ಲ. ಹೊಳನಗದ್ದೆಯ ಗೆರೆಗಳನ್ನೇ ಮತ್ತೆ ಎಳೆದು, ಮೇಲೆ ಶೀರ್ಷಿಕೆ ಮಾತ್ರ ಬದಲಿಸಿದಳು. ಮೊದಲು "ಕುಮಟೆಯ ಮೀನು ಹೋಗುವ ಊರುಗಳು" ಎಂದಿತ್ತು. ಈಗ "ಮೀನು ಮಾರುವವರು ನಮಗೆ ಹೇಳಿದ ಊರು" ಎಂದಾಯಿತು. ಕೆಳಗೆ ಸಣ್ಣ ಅಕ್ಷರದಲ್ಲಿ: "ಬೇರೆ ಊರುಗಳೂ ಇವೆ. ನಮಗೆ ಗೊತ್ತು. ಬರೆದಿಲ್ಲ." ನಾನು ಒಂದಕ್ಷರವನ್ನೂ ತಿದ್ದಲಿಲ್ಲ.

ಪ್ರದರ್ಶನದ ದಿನ ಹಜಾರ ತುಂಬಿತ್ತು. ಹಿಂದುಗಡೆ ಗೋಡೆಗೊರಗಿ ತಾಯಂದಿರು ನಿಂತಿದ್ದರು. ಮೀನಿನ ವಾಸನೆಗೆ ನನ್ನ ಮೂಗು ಅಷ್ಟರಲ್ಲಿ ಒಗ್ಗಿಹೋಗಿತ್ತು. ಪಾಠದ ಬಗ್ಗೆ ಮೊದಲಿನಿಂದಲೂ ಅನುಮಾನವಿದ್ದ ಹಿರಿಯ ಹೆಡ್ ಮಾಸ್ತರೊಬ್ಬರು ನಕ್ಷೆಯ ಮುಂದೆ ನಿಂತು ಕನ್ನಡಕ ಏರಿಸಿದರು.

"ಬೇರೆ ಊರು ಯಾವ್ದು ಮಗಾ?"

"ಅದನ್ನ ಹೇಳೂಕೆ ಆಗೂದಿಲ್ಲ ಸರ್," ಎಂದಳು ಜಯಂತಿ.

"ಗೊತ್ತಿದ್ದದ್ದು ಹೇಳದಿದ್ರೆ ಇದೆಂತ ಸಂಶೋಧನೆ?"

"ಹೇಳಿದವ್ರಿಗೆ ನಷ್ಟ ಆಗ್ತದೆ ಸರ್. ಅದಕ್ಕೇ ಅವ್ರು ಹೊಳನಗದ್ದೆ ಅಂದದ್ದು. ಯಾಕೆ ಹಾಂಗೆ ಹೇಳ್ತಾರೆ ಅಂತ ಗೊತ್ತಾತು. ನಮ್ಗೆ ಗೊತ್ತಾದದ್ದು ಅದೇ."

ಹೆಡ್ ಮಾಸ್ತರು ತಿರುಗಿ ಹಿಂದಿನ ಗೋಡೆಯ ಕಡೆ ನೋಡಿದರು. "ಹೌದೇನ್ರೇ? ಮೀನೆಲ್ಲ ಎಲ್ಲಿಗೆ ಹೋಗೂದು?"

"ಹೊಳನಗದ್ದೆಗೆ!" ಎಂದರು ತಾಯಂದಿರೆಲ್ಲ ಒಟ್ಟಿಗೆ. ಎಲ್ಲರಿಗಿಂತ ಗಟ್ಟಿಯಾಗಿ ಮಾದೇವಿ, ಅವಳ ಪಕ್ಕದಲ್ಲೇ ಅವಳನ್ನು ಕೆಣಕಿದವಳು.

ಹೆಡ್ ಮಾಸ್ತರು ನಗು ತಡೆಯಲು ಕೆಮ್ಮಿದರು, ಆಗಲಿಲ್ಲ. ಜಯಂತಿಯ ಜಡೆ ಎಳೆದು, "ಮುಂದಿನ ವರ್ಷವೂ ಮಾಡುವ ಇದನ್ನ," ಎಂದು ನಾಯ್ಕ ಮಾಸ್ತರಿಗೆ ಹೇಳಿ ಚಹಾದ ಕಡೆಗೆ ನಡೆದರು.

ಜನ ಚದುರುವಾಗ ಮಾದೇವಿ ನನ್ನ ಬಳಿ ಬಂದಳು. "ನಾಳೆ ಬೆಳಿಗ್ಗೆ ಬತ್ತ್ರಾ ನನ್ನ ಸಂಗಡ? ಹೊರ್ಗಿನವ್ರು ನೀವು, ಮೀನು ತಿನ್ನೂರಲ್ಲ, ಮಾರೂರಲ್ಲ. ನಿಮ್ಗೆ ತೋರ್ಸಿದ್ರೆ ಎಂತ ಹೋತದೆ?" ಎಂದಳು. ಎರಡು ಹೆಜ್ಜೆ ಹೋದವಳು ತಿರುಗಿ, "ಪೆನ್ಸಿಲ್ ತರ್ಬೇಡಿ," ಎಂದಳು.

ಮರುದಿನ ಬೆಳಿಗ್ಗೆ

ಪೆನ್ಸಿಲನ್ನು ನಾಯ್ಕ ಮಾಸ್ತರ ಮನೆಯ ಕಿಟಕಿಯಲ್ಲಿಟ್ಟು ಹೊರಟೆ. ಮಾದೇವಿ ಬುಟ್ಟಿ ಹೊತ್ತು ಮುಂದೆ, ಚಪ್ಪಲಿ ಕೈಯಲ್ಲಿ ಹಿಡಿದು ನಾನು ಹಿಂದೆ. ದಾರಿಯುದ್ದಕ್ಕೂ ಅವಳು ಕೇಳಿದಳು. ಊರು ಯಾವುದು, ಅಪ್ಪನಿಗೆ ಏನು ಕೆಲಸ, ಎಷ್ಟು ಜನ ಅಕ್ಕತಂಗಿಯರು, ಮದುವೆ ಯಾಕಾಗಿಲ್ಲ, ನೋಡಲು ಬಂದವರು ಏನೆಂದರು. ನಾನು ಹೇಳಿದೆ. ಮನೆಯಲ್ಲಿ ಯಾರಿಗೂ ಹೇಳದ ಒಂದು ಮಾತನ್ನೂ ಹೇಳಿದೆ. ಅವಳು ಬುಟ್ಟಿಯನ್ನು ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯಿಂದ ನನ್ನನ್ನು ಒಂದು ಹಳ್ಳ ದಾಟಿಸಿದಳು.

ಮನೆ ಮನೆಯ ಅಂಗಳದಲ್ಲಿ ಹೆಂಗಸರು ಪಾತ್ರೆ ಹಿಡಿದು ಕಾಯುತ್ತಿದ್ದರು. ಒಬ್ಬಳು ನನಗೆ ಎಳನೀರು ಕೊಟ್ಟಳು. ಒಬ್ಬ ಮುದುಕಿ ನನ್ನ ಗಲ್ಲ ಹಿಡಿದು, "ಯಾರೇ ಇವ್ಳು ಮಾದೇವಿ?" ಎಂದಳು. "ನಮ್ಮ ಪೈಕಿ," ಎಂದಳು ಮಾದೇವಿ.

ಬಿಸಿಲೇರುವ ಹೊತ್ತಿಗೆ ಬುಟ್ಟಿ ಖಾಲಿಯಾಯಿತು. ತಿರುಗಿ ಬಂದಾಗ ನಾಯ್ಕ ಮಾಸ್ತರ ತಾಯಿ ಬಾಗಿಲಲ್ಲೇ ನಿಂತಿದ್ದರು. ನನ್ನ ಸೀರೆಯ ಅಂಚಿನ ಕೆಸರು ನೋಡಿದರು, ಗಡಿಯಾರದ ಗಾಜಿಗೆ ಅಂಟಿದ್ದ ಹುರುಪೆಗಳನ್ನು ನೋಡಿದರು.

"ಎಲ್ಲಿಗೆ ಹೋಗಿದ್ರಿ ಅಕ್ಕೋರೆ, ಇಷ್ಟು ಹೊತ್ತು?"

"ಹೊಳನಗದ್ದೆಗೆ," ಎಂದೆ.